ಗೆಳೆಯ ಓದುವ ಊರಿಗೆ ಹೊರಟಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಇಂಗ್ಲೆಂಡಿಗೆ ಓದಲು ಹೋದವರ ಬಳಿಗೆ ಊರಿನ ಗೆಳೆಯರು ಹತ್ತು ಹನ್ನೆರಡು ದಿನ ಹೋಗಿಬರುವ ಬಗ್ಗೆ ಈ ಬಾರಿ ಹೆಚ್ಚು ಪತ್ರಗಳು ಬಂದಿವೆ. ರೈಲು ಮತ್ತು ವೀಸಾದ ಪ್ರಶ್ನೆಗಳಿಗೆ ವಿವರವಾಗಿ, ಉಳಿದವಕ್ಕೆ ಚುಟುಕಾಗಿ ಉತ್ತರಿಸಿದ್ದೇವೆ. ದರ, ನಿಯಮಗಳು ಬದಲಾಗುತ್ತಿರುತ್ತವೆ. ಹಣ ಕಟ್ಟುವ ಮುನ್ನ ಅಲ್ಲಿನ ಸರ್ಕಾರದ ಅಥವಾ ರೈಲು ಕಂಪನಿಯ ವೆಬ್‌ಸೈಟನ್ನು ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಗೆಳೆಯ ಲೀಡ್ಸ್‌ನಲ್ಲಿ ಎಂಎಸ್ಸಿ ಓದುತ್ತಿದ್ದಾನೆ. ನಾವು ಮೂವರು, ಎಲ್ಲರಿಗೂ 24–25 ವರ್ಷ. ಏಪ್ರಿಲ್‌ನಲ್ಲಿ 12 ದಿನಕ್ಕೆ ಹೋಗುವ ಯೋಚನೆ. ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಜ್, ಬಾತ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲಿವರ್‌ಪೂಲ್, ಯಾರ್ಕ್ ಎಲ್ಲ ಪಟ್ಟಿಯಲ್ಲಿವೆ. ಆಗುತ್ತದೆಯೇ? ರೈಲಿನ ಖರ್ಚು ಇಳಿಸುವುದು ಹೇಗೆ?
— ಮೂವರು ಗೆಳೆಯರು, ಹಾಸನ

ಉತ್ತರ: ಎಂಟೂ ಊರು ಮುಟ್ಟಿ ಬರಬಹುದು, ಆದರೆ ಒಂದನ್ನೂ ನೋಡಿದಂತಾಗುವುದಿಲ್ಲ. ಪ್ರತಿದಿನ ಬ್ಯಾಗು ಕಟ್ಟುವುದು, ಸ್ಟೇಷನ್ನಿಗೆ ಓಡುವುದು, ಹೊಸ ರೂಮಿನ ಬಾಗಿಲು ತೆರೆಯಲು ಮಧ್ಯಾಹ್ನ 3ರವರೆಗೆ ಕಾಯುವುದು, ಇದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. ಎರಡೇ ಕಡೆ ತಂಗಿ: ಲೀಡ್ಸ್‌ನಲ್ಲಿ ಆರು ರಾತ್ರಿ, ಲಂಡನ್‌ನಲ್ಲಿ ನಾಲ್ಕು ರಾತ್ರಿ. ಉಳಿದ ಊರುಗಳಿಗೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬನ್ನಿ. ಗೆಳೆಯನಿಗೆ ತರಗತಿ ಇರುವ ದಿನ ನೀವು ಮೂವರೇ ಹೊರಡಲೂ ಇದು ಅನುಕೂಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಸ್ಟೂಡೆಂಟ್ ವೀಸಾದವರ ಹಾಜರಿಯನ್ನು ವಿಶ್ವವಿದ್ಯಾಲಯ ಗಮನಿಸುತ್ತಿರುತ್ತದೆ. ಗೈರು ಹೆಚ್ಚಾದರೆ ವೀಸಾ ಕೊಟ್ಟ ಇಲಾಖೆಗೆ ತಿಳಿಸುವ ಹೊಣೆ ಅದಕ್ಕಿದೆ. ಊರು ತೋರಿಸಲು ಅವನು ತರಗತಿ ತಪ್ಪಿಸುವಂತೆ ಮಾಡಬೇಡಿ.

ಲೀಡ್ಸ್‌ನಿಂದ ಯಾರ್ಕ್ ಹೆಚ್ಚುಕಡಿಮೆ ಹಾಸನದಿಂದ ಬೇಲೂರಿನಷ್ಟು ದೂರ, ವೇಗದ ರೈಲಿನಲ್ಲಿ 25 ನಿಮಿಷ. ಅದಕ್ಕೆ ಒಂದು ಪೂರ್ತಿ ದಿನ ಇಡಿ. ಸ್ಟೇಷನ್ ಪಕ್ಕದಲ್ಲೇ ಇರುವ ನ್ಯಾಷನಲ್ ರೈಲ್ವೇ ಮ್ಯೂಸಿಯಂಗೆ ಪ್ರವೇಶ ಉಚಿತ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ವಿಶ್ವದಾಖಲೆ ಬರೆದ ಮಲ್ಲಾರ್ಡ್ ಎಂಜಿನ್ ಈ ಮ್ಯೂಸಿಯಂನದು. ಆಮೇಲೆ ಊರ ಕೋಟೆಗೋಡೆ ಹತ್ತಿ. ಒಟ್ಟು ಸುಮಾರು 3.4 ಕಿ.ಮೀ. ಉದ್ದ, ಟಿಕೆಟ್ ಇಲ್ಲ. ಪೂರ್ತಿ ಸುತ್ತಲು ಕಾಲುಬಾರದಿದ್ದರೆ ಬೂತಮ್ ಬಾರ್‌ನಿಂದ ಮಂಕ್ ಬಾರ್‌ವರೆಗಿನ ತುಂಡು ಸಾಕು (ಬಾರ್ ಎಂದರೆ ಅಲ್ಲಿ ಕೋಟೆಬಾಗಿಲು). ಮಿನ್‌ಸ್ಟರ್ ಚರ್ಚು ಚೆನ್ನಾಗಿ ಕಾಣುವುದು ಅಲ್ಲಿಂದಲೇ. ಒಳಬದಿಗೆ ಕೆಲವೆಡೆ ಕಂಬಿ ಇಲ್ಲ, ಮಳೆ ಬಿದ್ದರೆ ಕಲ್ಲು ಜಾರುತ್ತದೆ. ಕತ್ತಲಾಗುವ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಮಿನ್‌ಸ್ಟರ್‌ಗೆ ಟಿಕೆಟ್ ಇದೆ. ಗೋಪುರ ಹತ್ತಲು 275 ಮೆಟ್ಟಿಲು, ಅದಕ್ಕೆ ಬೇರೆ ಸಮಯ ಕಾಯ್ದಿರಿಸಬೇಕು. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಯಾರ್ಕನ್ನು ಆ ದಿನಕ್ಕೆ ಇಡಬೇಡಿ.

ಮ್ಯಾಂಚೆಸ್ಟರ್, ಲಿವರ್‌ಪೂಲ್ ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಲಿವರ್‌ಪೂಲ್ ಎನ್ನುತ್ತೇವೆ. 1846ರಲ್ಲಿ ತೆರೆದ ಆಲ್ಬರ್ಟ್ ಡಾಕ್, ಮರ್ಸಿ ನದಿಯ ದೋಣಿ, ಹೋಪ್ ಸ್ಟ್ರೀಟಿನ ಎರಡು ತುದಿಗಳಲ್ಲಿ ಎದುರಾಬದುರಾಗಿ ನಿಂತಂಥ ಎರಡು ಕೆಥೆಡ್ರಲ್‌ಗಳು, ಎಲ್ಲವನ್ನೂ ನಡೆದೇ ನೋಡಬಹುದು. ಮ್ಯಾಂಚೆಸ್ಟರ್‌ನಲ್ಲಿ ಎರಡು ಜಾಗ ತಪ್ಪಿಸಬೇಡಿ: 1900ರಲ್ಲಿ ತೆರೆದ ಜಾನ್ ರೈಲ್ಯಾಂಡ್ಸ್ ಲೈಬ್ರರಿ, ಮತ್ತು 1830ರ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲಿನ ಹಳೆಯ ಸ್ಟೇಷನ್ ಜಾಗದಲ್ಲಿರುವ ವಿಜ್ಞಾನ ಮ್ಯೂಸಿಯಂ. ಎರಡೂ ಉಚಿತ. ಫುಟ್‌ಬಾಲ್ ಹುಚ್ಚಿದ್ದವರು ಸ್ಟೇಡಿಯಂ ಟೂರ್ ತೆಗೆದುಕೊಳ್ಳಿ; ಪಂದ್ಯದ ದಿನ ಅದು ಇರುವುದಿಲ್ಲ ಅಥವಾ ಮೊಟಕಾಗಿರುತ್ತದೆ. ಪಂದ್ಯದ ಟಿಕೆಟನ್ನು ರಸ್ತೆಬದಿಯಲ್ಲೋ ವಾಟ್ಸಾಪ್ ಗುಂಪಿನಲ್ಲೋ ಕೊಳ್ಳಬೇಡಿ. ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರುವುದು ಅಲ್ಲಿ ಅಪರಾಧ, ಗೇಟಿನಲ್ಲಿ ನಿಮ್ಮನ್ನು ತಡೆದರೆ ಕೊಟ್ಟ ದುಡ್ಡೂ ಹೋಯಿತು.

ಲಂಡನ್ನಿನಿಂದ ಒಂದು ದಿನ ಬಾತ್. ಪ್ಯಾಡಿಂಗ್‌ಟನ್‌ನಿಂದ ಸುಮಾರು ಒಂದೂವರೆ ಗಂಟೆ. ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಸೇರಿದ ವಿಶ್ವ ಪರಂಪರೆಯ ಪಟ್ಟಿಗೆ ಬಾತ್ ಇಡೀ ಊರಾಗಿ 1987ರಲ್ಲೇ ಸೇರಿದೆ. ರೋಮನ್ನರು ಕಟ್ಟಿದ ಸ್ನಾನಗೃಹಕ್ಕೆ ನೆಲದಡಿಯಿಂದ ಸುಮಾರು 46 ಡಿಗ್ರಿ ಬಿಸಿಯ ನೀರು ಇಂದಿಗೂ ಉಕ್ಕುತ್ತಿದೆ. ಆ ಹಳೆಯ ಕೊಳಕ್ಕೆ ಇಳಿಯುವಂತಿಲ್ಲ. ಬಿಸಿನೀರಿನಲ್ಲಿ ಮೀಯುವ ಆಸೆ ಇದ್ದರೆ ಪಕ್ಕದಲ್ಲಿ ಬೇರೆ ಸ್ಪಾ ಇದೆ. ಅರ್ಧಚಂದ್ರಾಕಾರದಲ್ಲಿ 30 ಮನೆ ಜೋಡಿಸಿದ ರಾಯಲ್ ಕ್ರೆಸೆಂಟ್‌ಗೆ ಸ್ಟೇಷನ್ನಿನಿಂದ ಅರ್ಧ ಗಂಟೆ ಏರುದಾರಿ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಒಂದು ಸಾಕು. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಪರೀಕ್ಷೆಗಳಿರುವುದರಿಂದ ಕೇಂಬ್ರಿಜ್‌ನ ಹಲವು ಕಾಲೇಜುಗಳು ಹೊರಗಿನವರನ್ನು ಬಿಡುವುದಿಲ್ಲ. ಆದ್ದರಿಂದ ನಿಮ್ಮ ದಿನಗಳಿಗೆ ಆಕ್ಸ್‌ಫರ್ಡ್ ಮೇಲು. ಅಲ್ಲಿ 1683ರ ಆಶ್ಮೋಲಿಯನ್ ಮ್ಯೂಸಿಯಂ ಉಚಿತ. ಬರ್ಮಿಂಗ್‌ಹ್ಯಾಮ್ ಈ ಬಾರಿ ಬಿಡಿ.

ಇನ್ನು ಟಿಕೆಟ್. ದೂರದ ಪ್ರಯಾಣಕ್ಕೆ, ಅಂದರೆ ಲೀಡ್ಸ್–ಲಂಡನ್, ಲಂಡನ್–ಬಾತ್‌ಗೆ, ಅಡ್ವಾನ್ಸ್ ಟಿಕೆಟ್ ಅಗ್ಗ. ಸಾಮಾನ್ಯವಾಗಿ 8ರಿಂದ 12 ವಾರ ಮೊದಲು ಬಿಡುಗಡೆಯಾಗುತ್ತದೆ, ದಿನ ಹತ್ತಿರ ಬಂದಂತೆ ಏರುತ್ತದೆ. ಅದು ಆ ಒಂದು ರೈಲಿಗೆ ಮಾತ್ರ. ನಿಮ್ಮ ತಪ್ಪಿನಿಂದ ರೈಲು ತಪ್ಪಿದರೆ ಹೊಸ ಟಿಕೆಟ್ ಕೊಳ್ಳಬೇಕು. ಅದೇ ಪ್ರಯಾಣದ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದ್ದರೆ ಮಾತ್ರ ಮುಂದಿನದು ಹತ್ತಲು ಬಿಡುತ್ತಾರೆ. ಹತ್ತಿರದ ಊರಿಗೆ ಆಫ್-ಪೀಕ್ ಡೇ ರಿಟರ್ನ್, ಅಂದರೆ ದಟ್ಟಣೆಯ ಹೊತ್ತು ಬಿಟ್ಟು ಹೋಗಿ ಅದೇ ದಿನ ಮರಳುವ ಟಿಕೆಟ್ ತೆಗೆದುಕೊಳ್ಳಿ. ಒಂದು ಕಡೆಯ ಟಿಕೆಟ್‌ಗಿಂತ ಹೆಚ್ಚೇನೂ ಆಗುವುದಿಲ್ಲ, ಮರಳುವಾಗ ಒಂದೇ ರೈಲಿಗೆ ಕಟ್ಟುಬೀಳಬೇಕಿಲ್ಲ. ಟಿಕೆಟ್ ಮೇಲೆ ಒಂದೇ ಕಂಪನಿಯ ಹೆಸರಿದ್ದರೆ ಬೇರೆ ಕಂಪನಿಯ ರೈಲು ಹತ್ತಬೇಡಿ. ಲೀಡ್ಸ್–ಯಾರ್ಕ್ ಹಳಿಯಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿ ಓಡಿಸುವುದರಿಂದ ಹೊಸಬರು ಎಡವುವುದು ಇಲ್ಲೇ. ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 100 ಪೌಂಡ್, ಜೊತೆಗೆ ಟಿಕೆಟ್ ದರ. 21 ದಿನದೊಳಗೆ ಕಟ್ಟಿದರೆ ದಂಡ 50ಕ್ಕೆ ಇಳಿಯುತ್ತದೆ.

ರಿಯಾಯಿತಿ ಲೆಕ್ಕ ಹೀಗಿದೆ. 16–25 ರೈಲ್‌ಕಾರ್ಡ್‌ಗೆ 35 ಪೌಂಡ್, ಮೂರನೇ ಒಂದು ಭಾಗ ರಿಯಾಯಿತಿ. ಪ್ರವಾಸಿಗರೂ ಪಾಸ್‌ಪೋರ್ಟ್ ತೋರಿಸಿ ಕೊಳ್ಳಬಹುದು. ತಲಾ 105 ಪೌಂಡ್‌ಗಿಂತ ಹೆಚ್ಚಿನ ಟಿಕೆಟ್ ಕೊಳ್ಳುವುದಾದರೆ ಮಾತ್ರ ಗಿಟ್ಟುತ್ತದೆ. ನಿಮ್ಮ ಓಡಾಟಕ್ಕೆ ಬಹುಶಃ ಗಿಟ್ಟುತ್ತದೆ. ಇಬ್ಬರು ಸದಾ ಜೊತೆಗೇ ಇರುವುದಾದರೆ ಟೂ ಟುಗೆದರ್ ಕಾರ್ಡ್ ಇದೆ: ಒಂದೇ ಕಾರ್ಡ್, ಇಬ್ಬರ ಹೆಸರು, ಇಬ್ಬರ ಫೋಟೋ. ವಾರದ ದಿನಗಳಲ್ಲಿ ಬೆಳಿಗ್ಗೆ 9.30ಕ್ಕೆ ಮೊದಲು ನಡೆಯುವುದಿಲ್ಲ. ಮೂವರಿಂದ ಒಂಬತ್ತು ಜನ ಒಟ್ಟಿಗೆ ಹೊರಟರೆ ಗ್ರೂಪ್‌ಸೇವ್ ಎಂಬ ರಿಯಾಯಿತಿಗೆ ಕಾರ್ಡೇ ಬೇಡ, ಟಿಕೆಟ್ ಕೊಳ್ಳುವಾಗ ಆರಿಸಿದರೆ ಸಾಕು. ಆದರೆ ಅದು ಮುಖ್ಯವಾಗಿ ಆಫ್-ಪೀಕ್ ಟಿಕೆಟ್‌ಗೆ, ಎಲ್ಲ ಕಂಪನಿಗಳೂ ಕೊಡುವುದಿಲ್ಲ, ರೈಲ್‌ಕಾರ್ಡ್ ಜೊತೆ ಕೂಡಿಸಲಾಗದು. ಕಾರ್ಡ್ ಮೊಬೈಲಿನಲ್ಲಿದ್ದು ಚಾರ್ಜ್ ಮುಗಿದರೆ ಕಾರ್ಡ್ ಇಲ್ಲವೆಂದೇ ಲೆಕ್ಕ. ಪವರ್ ಬ್ಯಾಂಕ್ ಮರೆಯಬೇಡಿ.

ಟಿಕೆಟನ್ನು ರೈಲು ಕಂಪನಿಗಳ ಆಪ್‌ನಲ್ಲೇ ಕೊಳ್ಳಿ, ಯಾವ ಕಂಪನಿಯ ಆಪ್‌ನಲ್ಲೂ ಎಲ್ಲರ ಟಿಕೆಟ್ ಸಿಗುತ್ತದೆ. ಮಧ್ಯವರ್ತಿ ಆಪ್‌ಗಳು ಬುಕಿಂಗ್ ಫೀ ಹಾಕುತ್ತವೆ. ರೈಲು ತಡವಾದರೆ ಡಿಲೇ ರಿಪೇ ಎಂದು ಹಣ ವಾಪಸ್ ಕೇಳಬಹುದು. ಬಹುತೇಕ ಕಂಪನಿಗಳಲ್ಲಿ 15 ನಿಮಿಷ ತಡವಾದರೂ ಸಾಕು. ಅದು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಭಾನುವಾರ ಮತ್ತು ಈಸ್ಟರ್ ರಜೆಯಲ್ಲಿ ಹಳಿ ದುರಸ್ತಿ ನಡೆಯುತ್ತದೆ; ರೈಲಿನ ಬದಲು ಬಸ್ ಬಿಟ್ಟರೆ ಒಂದು ಗಂಟೆಯ ದಾರಿ ಎರಡಾಗುತ್ತದೆ. ಲೀಡ್ಸ್‌ನಿಂದ ಲಂಡನ್ನಿಗೆ ಹೋಗುವ ದಿನ ಅದರಲ್ಲಿ ಬೀಳದಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮದು ಕಾಫಿ ತೋಟ. ಗೆಳತಿಯನ್ನು ನೋಡಲು ಮಗಳು ಇಂಗ್ಲೆಂಡಿಗೆ ಹೊರಟಿದ್ದಾಳೆ. ಖರ್ಚು ನನ್ನದು. ಪಹಣಿ ಕೊಟ್ಟರೆ ಸಾಕೇ? ವೀಸಾ ತಿರಸ್ಕಾರವಾಗುವುದು ಯಾಕೆ?
— ಬೆಳೆಗಾರರು, ಮೂಡಿಗೆರೆ

ಉತ್ತರ: ಪಹಣಿ ನಿಮಗೆ ಜಮೀನಿದೆ ಎಂದು ಹೇಳುತ್ತದೆ, ಹಣ ಬರುತ್ತಿದೆ ಎಂದು ಹೇಳುವುದಿಲ್ಲ. ಅಧಿಕಾರಿ ನೋಡುವುದು ಎರಡು: ಪ್ರಯಾಣದ ಹಣ ನಿಜಕ್ಕೂ ನಿಮ್ಮದೇ, ಮತ್ತು ಮಗಳು ವಾಪಸ್ ಬರುತ್ತಾಳೆಯೇ.

ತೋಟದವರ ಅರ್ಜಿ ಎಡವುವುದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ. ಎಲ್ಲರೂ ಆರು ತಿಂಗಳ ಸ್ಟೇಟ್‌ಮೆಂಟ್ ಕೊಡುತ್ತಾರೆ. ಸಂಬಳದವರಿಗೆ ಅದು ಸರಿ. ಅರೇಬಿಕಾ, ರೊಬಸ್ಟಾ ಕುಯ್ಲು ಮುಗಿದು ಹಣ ಕೈಗೆ ಬರುವುದು ವರ್ಷದ ಆರಂಭದ ತಿಂಗಳುಗಳಲ್ಲಿ, ಅದೂ ದೊಡ್ಡ ಗಂಟಾಗಿ. ಸೆಪ್ಟೆಂಬರ್ ಕೊನೆಯಲ್ಲಿ ಅರ್ಜಿ ಹಾಕಿದರೆ ಆರು ತಿಂಗಳ ಹಾಳೆಯಲ್ಲಿ ಕಾಣುವುದು ಗೊಬ್ಬರ, ಆಳು, ಔಷಧಿಯ ಖರ್ಚು ಮಾತ್ರ. ಬ್ಯಾಲೆನ್ಸ್ ತೋರಿಸಲೆಂದು ಯಾರದೋ ಐದು ಲಕ್ಷ ತಂದು ಹಾಕಿದರೆ ಅನುಮಾನ ಹುಟ್ಟುವುದೇ ಅಲ್ಲಿ: ಎಲ್ಲಿಂದ ಬಂತೆಂದು ತಿಳಿಯದ ಜಮೆ ತಿರಸ್ಕಾರಕ್ಕೆ ದೊಡ್ಡ ಕಾರಣ. ಆದ್ದರಿಂದ ಪೂರ್ತಿ 12 ತಿಂಗಳ ಸ್ಟೇಟ್‌ಮೆಂಟ್ ಕೊಡಿ. ಕಾಫಿ, ಮೆಣಸು ಮಾರಿದ ಬಿಲ್ಲುಗಳನ್ನು ಆಯಾ ಜಮೆಗೆ ಹೊಂದಿಸಿ ಇಡಿ. ಕೃಷಿ ಆದಾಯಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ಐಟಿ ರಿಟರ್ನ್ಸ್‌ನಲ್ಲಿ ತೆರಿಗೆಗೆ ಒಳಪಟ್ಟ ಆದಾಯ ಕಡಿಮೆ ಕಾಣುತ್ತದೆ. ಅದನ್ನು ಎರಡು ಸಾಲಿನಲ್ಲಿ ವಿವರಿಸಿದ ಪತ್ರ ಜೊತೆಗಿರಲಿ.

ಪಹಣಿ ಕನ್ನಡದಲ್ಲಿದೆ, ಅಲ್ಲಿಗೆ ಇಂಗ್ಲಿಷ್ ಅನುವಾದ ಬೇಕು. ಮೂಲಕ್ಕೆ ನಿಷ್ಠವಾದ ಅನುವಾದ ಎಂಬ ಹೇಳಿಕೆ, ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕದ ವಿವರ, ಇವಿಷ್ಟೂ ಅದರಲ್ಲಿರಬೇಕು. ಜಂಟಿ ಖಾತೆಯ ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದಿದ್ದರೆ ನಿಮಗೂ ಜಮೀನಿಗೂ ಇರುವ ಸಂಬಂಧಕ್ಕೆ ವಂಶವೃಕ್ಷವೂ ಸೇರಲಿ.

ಖರ್ಚು ನಿಮ್ಮದಾದ್ದರಿಂದ ನಿಮ್ಮ ಪತ್ರ, ನಿಮ್ಮ ಸ್ಟೇಟ್‌ಮೆಂಟ್, ತಂದೆ–ಮಗಳ ಸಂಬಂಧದ ದಾಖಲೆ. ಮಗಳ ಕಡೆಯಿಂದ ರಜೆ ಮಂಜೂರಾದ ಪತ್ರ ಅಥವಾ ಕಾಲೇಜಿನ ಪತ್ರ, ದಿನವಾರು ಕಾರ್ಯಕ್ರಮ ಒಂದೇ ಪುಟದಲ್ಲಿ. ಗೆಳತಿ ಕರೆದ ಪತ್ರ ಕಡ್ಡಾಯವಲ್ಲ, ಇದ್ದರೆ ಒಳ್ಳೆಯದು: ವಿಳಾಸ, ಎಷ್ಟು ರಾತ್ರಿ ತಂಗುತ್ತಾಳೆ, ತಾನು ಎಲ್ಲಿ ಓದುತ್ತಿದ್ದೇನೆ ಎಂಬಷ್ಟೇ ಸಾಕು. ಖರ್ಚು ತನ್ನದೆಂದು ಆಕೆ ಬರೆಯುವುದು ಬೇಡ. ಓದಲು ಹೋದವಳ ಹಣ ಅವಳ ಸ್ವಂತ ಜೀವನಕ್ಕೆಂದು ಇಲಾಖೆ ಆಗಲೇ ಲೆಕ್ಕ ಹಾಕಿದೆ.

ಸ್ಟ್ಯಾಂಡರ್ಡ್ ವಿಸಿಟರ್ ವೀಸಾಕ್ಕೆ ಹೊರಡುವ ಮೂರು ತಿಂಗಳೊಳಗೆ ಅರ್ಜಿ ಹಾಕಬಹುದು, ಅದಕ್ಕೂ ಮೊದಲು ಆಗದು. ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚು, ಫೋಟೋ ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ. ಅದಕ್ಕೆ ಮುಂಚೆ ಹಣ ವಾಪಸ್ ಬಾರದ ವಿಮಾನದ ಟಿಕೆಟ್ ಕೊಳ್ಳಬೇಡಿ. ತಿರಸ್ಕಾರವಾದರೆ ಮೇಲ್ಮನವಿ ಇಲ್ಲ. ಕಾರಣ ಬರೆದ ಪತ್ರ ಬರುತ್ತದೆ, ಅದಕ್ಕೆ ಉತ್ತರವಾಗುವ ದಾಖಲೆ ಸೇರಿಸಿ ಹೊಸ ಅರ್ಜಿ ಹಾಕಬಹುದು. ಹಿಂದಿನ ತಿರಸ್ಕಾರ ಮುಚ್ಚಿಡಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ 10 ವರ್ಷ ಬಾಗಿಲು ಮುಚ್ಚುತ್ತದೆ. ಈ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಗೆಳತಿ ಪಾರ್ಟ್‌ಟೈಮ್ ಮಾಡುವ ಅಂಗಡಿಯಲ್ಲಿ ಒಂದು ಸಂಜೆ ಕೈಜೋಡಿಸುವುದೂ ತಪ್ಪು.

ಪ್ರಯಾಣ ವಿಮೆ ಕಡ್ಡಾಯವಲ್ಲದಿದ್ದರೂ ಮಾಡಿಸಿ. ವಿದ್ಯಾರ್ಥಿಗಳು ವೀಸಾ ಜೊತೆಗೇ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ, ಪ್ರವಾಸಿಗರು ಕಟ್ಟಿರುವುದಿಲ್ಲ. ತುರ್ತು ವಿಭಾಗದಲ್ಲಿ ನೋಡುವುದು ಉಚಿತ, ಆಸ್ಪತ್ರೆಗೆ ಸೇರಿಸಿಕೊಂಡರೆ ಪೂರ್ತಿ ಬಿಲ್ ನಿಮ್ಮದು.

ಪ್ರಶ್ನೆ: ಮಗನ ಹಾಸ್ಟೆಲ್ ರೂಮಿನಲ್ಲೇ ಅವನ ಗೆಳೆಯರಿಬ್ಬರು ಹತ್ತು ದಿನ ಉಳಿಯಬಹುದೇ?
— ತಾಯಿ, ಆಲೂರು

ಉತ್ತರ: ಇಲ್ಲ. ವಿಶ್ವವಿದ್ಯಾಲಯದ ವಸತಿಗಳಲ್ಲಿ ಸಾಮಾನ್ಯವಾಗಿ ಒಬ್ಬ ಅತಿಥಿಗೆ ಎರಡು ಮೂರು ರಾತ್ರಿ ಅವಕಾಶ, ಅದೂ ಹೆಸರು ಬರೆಸಿ. ಬೆಂಕಿ ಬಿದ್ದರೆ ಒಳಗೆ ಎಷ್ಟು ಜನ ಎಂದು ಎಣಿಸುವುದು ಆ ಪುಸ್ತಕ ನೋಡಿಯೇ. ಮುಚ್ಚಿಟ್ಟರೆ ಮಗನ ಬಾಡಿಗೆ ಕರಾರಿಗೇ ಕುತ್ತು. ಅವರಿಗೆ ವೈಎಚ್‌ಎಯಂಥ ಹಾಸ್ಟೆಲ್ ಅಥವಾ ಸಾಧಾರಣ ಹೋಟೆಲ್ ಹುಡುಕಿ. ಬೇಸಿಗೆ ರಜೆಯಲ್ಲಿ ಹಲವು ವಿಶ್ವವಿದ್ಯಾಲಯಗಳು ತಮ್ಮ ಖಾಲಿ ರೂಮುಗಳನ್ನೇ ಬಾಡಿಗೆಗೆ ಕೊಡುತ್ತವೆ.

ಪ್ರಶ್ನೆ: ಗೆಳೆಯನಿಗೆ ಮನೆ ತುಪ್ಪ, ಕಾಫಿಪುಡಿ, ಉಪ್ಪಿನಕಾಯಿ, ಕೊಬ್ಬರಿ ಒಯ್ಯಬಹುದೇ?
— ಓದುಗ, ಅರಸೀಕೆರೆ

ಉತ್ತರ: ಹುರಿದು ಪುಡಿ ಮಾಡಿದ ಕಾಫಿ ಧಾರಾಳವಾಗಿ ಒಯ್ಯಿರಿ, ಗಾಳಿಯಾಡದಂತೆ ಸೀಲ್ ಮಾಡಿಸಿ ಚೆಕ್-ಇನ್ ಬ್ಯಾಗಿನಲ್ಲಿ ಇಡಿ. ಚಟ್ನಿಪುಡಿ, ಸಾರಿನಪುಡಿ, ಒಣಮೆಣಸೂ ಹಾಗೇ. ತುಪ್ಪ, ಬೆಣ್ಣೆ, ಪೇಡೆಯಂಥ ಹಾಲಿನ ಪದಾರ್ಥಕ್ಕೆ ಭಾರತದಿಂದ ಅವಕಾಶವಿಲ್ಲ, ಮಾಂಸಕ್ಕೂ ಇಲ್ಲ, ಸಿಕ್ಕರೆ ಕಿತ್ತುಕೊಳ್ಳುತ್ತಾರೆ. ಉಪ್ಪಿನಕಾಯಿ ಕೈಚೀಲದಲ್ಲಿ ದ್ರವದ ಲೆಕ್ಕಕ್ಕೆ ಬರುತ್ತದೆ. ಚೆಕ್-ಇನ್ ಬ್ಯಾಗಿನಲ್ಲಿ ಎರಡು ಕವರ್ ಸುತ್ತಿ ಇಡಿ. ಮುಚ್ಚಳದ ತನಕ ತುಂಬಿದರೆ ಎಣ್ಣೆ ಉಕ್ಕಿ ಬಟ್ಟೆಯೆಲ್ಲ ಕೆಂಪು. ಕೊಬ್ಬರಿಯ ಎಣ್ಣೆಯಂಶದಿಂದಾಗಿ ಅದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಬಿಟ್ಟುಬಿಡಿ.

ಪ್ರಶ್ನೆ: ನಾವು ಜೈನರು, ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಊಟಕ್ಕೇನು ಮಾಡುವುದು?
— ಇಬ್ಬರು ಗೆಳತಿಯರು, ಶ್ರವಣಬೆಳಗೊಳ

ಉತ್ತರ: ಸಸ್ಯಾಹಾರ ಸುಲಭ, ನಿಮ್ಮದು ಕೊಂಚ ಕಷ್ಟ. ಪ್ಯಾಕೆಟ್ ಆಹಾರದ ಮೇಲೆ 14 ಅಲರ್ಜಿ ಪದಾರ್ಥಗಳನ್ನು ಎದ್ದುಕಾಣುವಂತೆ ಮುದ್ರಿಸಬೇಕೆಂಬ ಕಾನೂನಿದೆ, ಆದರೆ ಈರುಳ್ಳಿ ಬೆಳ್ಳುಳ್ಳಿ ಆ 14ರಲ್ಲಿ ಇಲ್ಲ. ಪೂರ್ತಿ ಪಟ್ಟಿ ಓದಲೇಬೇಕು. ಮೆತ್ತನೆಯ ಮಿಠಾಯಿಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್, ಪಾರ್ಮೆಸಾನ್ ಚೀಸ್‌ನಲ್ಲಿ ಹಾಲು ಹೆಪ್ಪುಗಟ್ಟಿಸಲು ಹಾಕುವ, ಕರುವಿನ ಹೊಟ್ಟೆಯ ರೆನೆಟ್ ಇರುತ್ತದೆ. ಬರೀ ಆಲೂ ಚಿಪ್ಸ್ ಎಂದುಕೊಂಡು ಫಿಶ್ ಅಂಡ್ ಚಿಪ್ಸ್ ಅಂಗಡಿಗೆ ಹೋಗಬೇಡಿ. ಒಂದೇ ಬಾಣಲೆಯಲ್ಲಿ ಮೀನೂ ಕರಿಯುತ್ತಾರೆ, ಲೀಡ್ಸ್, ಯಾರ್ಕ್ ಕಡೆ ಹಲವು ಅಂಗಡಿಗಳಲ್ಲಿ ಕರಿಯುವುದೇ ದನದ ಕೊಬ್ಬಿನಲ್ಲಿ.

ಅಡುಗೆಮನೆ ಇರುವ ತಂಗುದಾಣ ಹಿಡಿದು ಅಕ್ಕಿ, ಬೇಳೆ ಬೇಯಿಸಿಕೊಳ್ಳಿ. ಲೆಸ್ಟರ್‌ಗೆ ಒಂದು ದಿನ ಹೋಗಿ, ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಸುಮಾರು ಒಂದು ಗಂಟೆ ಹತ್ತು ನಿಮಿಷ. ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಹೋಟೆಲುಗಳಲ್ಲಿ ಜೈನ ಊಟವೆಂದು ಕೇಳಿದರೆ ಬಿಡಿಸಿ ಹೇಳುವ ಕೆಲಸವಿಲ್ಲ. ಲೆಸ್ಟರ್‌ನದೇ ಆಕ್ಸ್‌ಫರ್ಡ್ ಸ್ಟ್ರೀಟಿನ ಹಳೆಯ ಚರ್ಚು ಕಟ್ಟಡದಲ್ಲಿ 1988ರಲ್ಲಿ ಪ್ರತಿಷ್ಠೆಯಾದ ಜೈನ ಮಂದಿರವಿದೆ, ದಿಗಂಬರ ಮತ್ತು ಶ್ವೇತಾಂಬರ ಸಂಪ್ರದಾಯಗಳೆರಡಕ್ಕೂ ಅಲ್ಲಿ ಜಾಗವಿದೆ.

ಪ್ರಶ್ನೆ: ಲಂಡನ್ನಿನಲ್ಲಿ ಎರಡೇ ದಿನ. ಬಸವಣ್ಣನವರ ಪ್ರತಿಮೆ ನೋಡಲೇಬೇಕು. ಬಸ್, ಮೆಟ್ರೋ ಹೇಗೆ?
— ಓದುಗ, ಸಕಲೇಶಪುರ

ಉತ್ತರ: 2015ರ ನವೆಂಬರ್ 14ರಂದು ಅನಾವರಣವಾದ ಪ್ರತಿಮೆ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಲ್ಯಾಂಬೆತ್ ಸೇತುವೆಯ ಪಕ್ಕದಲ್ಲಿದೆ. ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ನಿನಲ್ಲಿ ಇಳಿದು ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ, ಸೇಂಟ್ ಥಾಮಸ್ ಆಸ್ಪತ್ರೆಯ ಮುಂದಿನ ನದಿಬದಿಯ ದಾರಿ ಹಿಡಿಯಿರಿ. ಎಡಗಡೆ ಉದ್ದಕ್ಕೂ ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ ಕೆಂಪು ಹೃದಯಗಳನ್ನು ಬರೆದ ಗೋಡೆ, ಬಲಗಡೆ ನದಿಯಾಚೆ ಪಾರ್ಲಿಮೆಂಟ್. ಅನುಭವ ಮಂಟಪದ ನಾಡಿನವರು ನಿಧಾನವಾಗಿ ನಡೆಯಬೇಕಾದ ದಾರಿ ಇದು. ಕಾಲು ಗಂಟೆ ಬೇಕು, ಬೆಳಗಿನ ಹೊತ್ತು ಜನ ಕಡಿಮೆ.

ಬ್ರಿಟಿಷ್ ಮ್ಯೂಸಿಯಂ ಉಚಿತ, ಸಮಯ ಕಾಯ್ದಿರಿಸಿ ಹೋದರೆ ಸರದಿ ಕಡಿಮೆ. ಅಮರಾವತಿ ಸ್ತೂಪದ ಶಿಲ್ಪಗಳು 33ಎ ಕೊಠಡಿಯಲ್ಲಿವೆ. ಟಿಪ್ಪುವಿನ ಮರದ ಹುಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನದು. ಗ್ಯಾಲರಿ ದುರಸ್ತಿ ಇದ್ದಾಗ ವಸ್ತುಗಳ ಜಾಗ ಬದಲಾಗುವುದರಿಂದ ಹೋಗುವ ಮುನ್ನ ವೆಬ್‌ಸೈಟ್ ನೋಡಿ.

ಲಂಡನ್ ಬಸ್ಸಿನಲ್ಲಿ ನಗದು ನಡೆಯುವುದಿಲ್ಲ. ಟ್ಯಾಪ್ ಮಾಡುವ ಕಾರ್ಡ್ ಅಥವಾ ಆಯ್ಸ್ಟರ್ ಕಾರ್ಡ್ ಬೇಕು, ಪ್ರತಿಯೊಬ್ಬರಿಗೂ ಬೇರೆ ಬೇರೆ. ಬಸ್ಸಿನಲ್ಲಿ ಹತ್ತುವಾಗ ಒಂದೇ ಸಲ, ಅಲ್ಲಿನ ಮೆಟ್ರೋ ಆದ ಟ್ಯೂಬ್‌ನಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಮುಟ್ಟಿಸಬೇಕು. ಒಳಗೆ ಕಾರ್ಡ್, ಹೊರಗೆ ಅದೇ ಖಾತೆಯ ಮೊಬೈಲ್ ತೋರಿಸಿದರೆ ಎರಡು ಅಪೂರ್ಣ ಪ್ರಯಾಣವೆಂದು ಎರಡೂ ಕಡೆ ಗರಿಷ್ಠ ದರ ಬೀಳುತ್ತದೆ. ಗೇಟ್ ಇಲ್ಲದ ಡಿಎಲ್‌ಆರ್ (ಪೂರ್ವ ಲಂಡನ್ನಿನ ಲಘು ರೈಲು) ಸ್ಟೇಷನ್ನುಗಳಲ್ಲಿ ಮರೆಯುವವರು ಹೆಚ್ಚು. ನಮ್ಮ ಯುಪಿಐಯನ್ನು ನಂಬಿಕೊಂಡು ಹೋಗಬೇಡಿ. ಇಲ್ಲಿನ ಡೆಬಿಟ್ ಕಾರ್ಡಿಗೆ ಪ್ರತಿ ಸಲ ವಿದೇಶಿ ವಹಿವಾಟಿನ ಶುಲ್ಕ ಬೀಳುವುದರಿಂದ ಫಾರೆಕ್ಸ್ ಕಾರ್ಡ್ ಮೇಲು, ಅದು ಟ್ಯಾಪ್ ಆಗುವಂಥದ್ದೇ ಎಂದು ಬ್ಯಾಂಕಿನಲ್ಲಿ ಕೇಳಿ ಪಡೆಯಿರಿ.

ಪ್ರಶ್ನೆ: ನಾಲ್ಕು ಜನ ಇದ್ದೇವೆ. ರೈಲಿಗಿಂತ ಬಾಡಿಗೆ ಕಾರು ಅಗ್ಗವಲ್ಲವೇ?
— ಓದುಗ, ಕಡೂರು

ಉತ್ತರ: ಹಳ್ಳಿಗಾಡಿಗಾದರೆ ಹೌದು, ನಗರಗಳಿಗಲ್ಲ. ನಮ್ಮ ಲೈಸೆನ್ಸ್‌ನಲ್ಲಿ 12 ತಿಂಗಳು ಓಡಿಸಬಹುದು, ಎಡಬದಿಯೇ ಸಂಚಾರ. ಆದರೆ 25 ತುಂಬದವರಿಗೆ ಬಾಡಿಗೆ ಕಂಪನಿಗಳು ಹೆಚ್ಚುವರಿ ಹಾಕುತ್ತವೆ, ಇಲ್ಲವೇ ಕೊಡುವುದಿಲ್ಲ. ಲಂಡನ್ ನಡುಭಾಗಕ್ಕೆ ಪ್ರವೇಶ ಶುಲ್ಕವಿದೆ, ಬಸ್ಸಿಗೆಂದೇ ಮೀಸಲಾದ ರಸ್ತೆಗೆ ನುಗ್ಗಿದರೆ ಕ್ಯಾಮೆರಾ ಹಿಡಿದು ದಂಡದ ಚೀಟಿ ಕಂಪನಿಗೆ ಹೋಗುತ್ತದೆ, ಕಂಪನಿ ತನ್ನ ಶುಲ್ಕವನ್ನೂ ಸೇರಿಸುತ್ತದೆ. ಕಾರು ತಂದೇ ಬಿಟ್ಟಿದ್ದರೆ ಯಾರ್ಕ್, ಬಾತ್, ಆಕ್ಸ್‌ಫರ್ಡ್‌ಗಳಲ್ಲಿ ಊರ ಹೊರಗೆ ನಿಲ್ಲಿಸಿ ಪಾರ್ಕ್ ಅಂಡ್ ರೈಡ್ ಬಸ್ಸಿನಲ್ಲಿ ಒಳಗೆ ಹೋಗಿ.

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ಹೋದರೆ ಹೇಗೆ? ಮಲೆನಾಡಿನ ಮಳೆ ಚಳಿ ನಮಗೆ ಹೊಸದಲ್ಲ.
— ಓದುಗರು, ಕೊಪ್ಪ

ಉತ್ತರ: ಕಷ್ಟ ಕೊಡುವುದು ಕತ್ತಲೆ ಮತ್ತು ರಜೆ. ಸಂಜೆ 4ರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಕ್ರಿಸ್‌ಮಸ್ ದಿನ ದೇಶದಲ್ಲಿ ರೈಲೇ ಇಲ್ಲ, ಲಂಡನ್ನಿನಲ್ಲಿ ಬಸ್, ಟ್ಯೂಬ್ ಕೂಡ ಇಲ್ಲ. 26ರಂದೂ ರೈಲು ಅತಿ ವಿರಳ. 24ರ ಮಧ್ಯಾಹ್ನದೊಳಗೆ ತಂಗುವ ಊರು ಸೇರಿ ಎರಡು ದಿನದ ದಿನಸಿ ತಂದಿಟ್ಟುಕೊಳ್ಳಿ. ಕೊಡೆ ಬೇಡ, ಗಾಳಿಗೆ ಮಗುಚಿ ಕಡ್ಡಿ ಮುರಿಯುತ್ತದೆ. ನೀರು ಇಳಿಯದ, ತಲೆಗೆ ಟೋಪಿ ಇರುವ ಜರ್ಕಿನ್, ಒಳಗೆ ಥರ್ಮಲ್, ಒದ್ದೆಯಾಗದ ಶೂ ಸಾಕು. ಆಯತಾಕಾರದ ಮೂರು ಕಡ್ಡಿಯ ಪ್ಲಗ್ ಅಡಾಪ್ಟರನ್ನು ಇಲ್ಲಿಂದಲೇ ಒಯ್ಯಿರಿ. ಭಾನುವಾರ ದೊಡ್ಡ ಅಂಗಡಿಗಳು ಆರೇ ಗಂಟೆ ತೆರೆದಿರುತ್ತವೆ, ಕ್ರಿಸ್‌ಮಸ್ ದಿನ ತೆರೆಯುವುದೇ ಇಲ್ಲ.